ನೀರಿನ ಕ್ಯಾನ್ ಗಾಡಿಗೆ ಪೆಟ್ರೋಲ್ ಇಂಜಿನ್: ನನ್ನ ಎರಡು ವರ್ಷದ ಲೆಕ್ಕ

"ಲೋಡ್ ಗಾಡಿಗೆ ಪೆಟ್ರೋಲಾ? ತಲೆ ಕೆಟ್ಟಿದೆಯಾ ನಿನಗೆ?" ಅಂತ ನಮ್ಮ ಭಾವ ಬೈದಿದ್ದರು. ನೀರು ತುಂಬಿಸುವ ಪ್ಲಾಂಟಿನಲ್ಲೂ ಎಲ್ಲರೂ ನಕ್ಕರು. ಗಾಡಿ ಈಗ 32 ಸಾವಿರ ಕಿಲೋಮೀಟರ್ ಓಡಿದೆ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ನನ್ನದು ಮೈಸೂರಿನಲ್ಲಿ 20 ಲೀಟರ್ ಕ್ಯಾನ್ ಲೈನು. ಹೆಬ್ಬಾಳದಲ್ಲಿ ಪ್ಲಾಂಟು, ವಿಜಯನಗರ, ಹಿನಕಲ್ ಕಡೆ ಗಿರಾಕಿಗಳು. ನೂರು ಮೀಟರ್ ಓಡು, ನಿಲ್ಲಿಸು, ಎರಡು ಕ್ಯಾನ್ ಇಳಿಸು, ಮತ್ತೆ ಸ್ಟಾರ್ಟ್ ಮಾಡು. 2021ರಲ್ಲಿ ಒಂಬತ್ತು ಲಕ್ಷದ ಹತ್ತಿರ ಹಾಕಿ ಬಿಎಸ್6 (ಹೊಸ ಹೊಗೆ ನಿಯಮದ) ಡೀಸೆಲ್ ಪಿಕಪ್ ತಂದೆ. ಒಂದು ಟ್ರಿಪ್ಪಿಗೆ 60 ಕ್ಯಾನ್. ಎಂಟು ತಿಂಗಳು ಆರಾಮ.

ಆಮೇಲೆ ಡಿಪಿಎಫ್ ಲೈಟ್ ಕಾಟ ಶುರುವಾಯಿತು. ಡಿಪಿಎಫ್ ಅಂದರೆ ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್. ಒಳಗಿನ ಮಸಿ ಸುಡಬೇಕಾದರೆ ಗಾಡಿ ಹದಿನೈದು ಇಪ್ಪತ್ತು ನಿಮಿಷ ಒಂದೇ ಸಮ ಓಡಬೇಕು. ನಮ್ಮ ಲೈನಿನಲ್ಲಿ ಎರಡು ನಿಮಿಷಕ್ಕೊಮ್ಮೆ ಆಫ್. ಒಂದು ಬೆಳಿಗ್ಗೆ ಆಯಿಲ್ ಗೇಜ್ ಎಳೆದು ನೋಡಿದೆ. ಆಯಿಲ್ ಮೇಲಿನ ಗೀಟನ್ನೂ ದಾಟಿ ಬೆರಳಗಲ ಏರಿತ್ತು! ಬೆರಳಿಗೆ ಹಚ್ಚಿ ಮೂಸಿದರೆ ಬರೀ ಡೀಸೆಲ್ ವಾಸನೆ, ನೀರಿನ ಥರ ತೆಳ್ಳಗೆ. ಮಸಿ ಸುಡಲಿ ಅಂತ ಇಂಜಿನ್ ಜಾಸ್ತಿ ಬಿಟ್ಟ ಡೀಸೆಲ್ಲು ಅರ್ಧಂಬರ್ಧ ಸುಟ್ಟು, ಉಳಿದದ್ದು ಆಯಿಲ್ ಜೊತೆ ಸೇರಿಕೊಂಡಿತ್ತು.

ಸರ್ವಿಸಿನಲ್ಲಿ ಮೊದಲ ಸಲ ಎರಡೂವರೆ ಸಾವಿರ. ಎರಡನೇ ಸಲ ಸೆನ್ಸರ್ ಸೇರಿ ಹದಿನೆಂಟು ಸಾವಿರ ಇರಬೇಕು. ಮೂರನೇ ಸಲ ಡಿಪಿಎಫ್ಫೇ ಬದಲಾಯಿಸಿ, ಎಪ್ಪತ್ತರ ಮೇಲಾಗುತ್ತೆ ಅಂದರು. ಅಷ್ಟರಲ್ಲಿ ನಾನು ಪ್ರತಿ ಭಾನುವಾರ ಖಾಲಿ ಗಾಡಿ ತಗೊಂಡು ರಿಂಗ್ ರೋಡ್ ಸುತ್ತುವುದು ಅಭ್ಯಾಸ ಆಗಿತ್ತು. ಮಸಿ ಸುಡೋಕೆ ಡೀಸೆಲ್ ಸುಡೋದು! ಹೆಂಡತಿ ನನಗೆ ಬೇರೆ ಎಲ್ಲೋ ಸಂಸಾರ ಇದೆ ಅಂದುಕೊಂಡಿದ್ದಳು.

ಕೊನೆಗೆ ಆ ಪಿಕಪ್ಪನ್ನು ಆರು ಲಕ್ಷಕ್ಕೆ ಮಾರಿ, ಹೆಚ್ಚುಕಮ್ಮಿ ಅದೇ ದುಡ್ಡಿಗೆ ಮಾರುತಿ ಸೂಪರ್ ಕ್ಯಾರಿ ತಂದೆ. 1200 ಸಿಸಿ ಪೆಟ್ರೋಲ್. ಅದರಲ್ಲೂ ಮೊದಲು ಚಿಕ್ಕ ಡೀಸೆಲ್ ಇಂಜಿನ್ ಬರುತ್ತಿತ್ತು, ಬಿಎಸ್6 ಬಂದಾಗ ಕಂಪನಿಯವರು ಡೀಸೆಲ್ಲನ್ನೇ ಕೈಬಿಟ್ಟರು. ಅದು ನನಗೆ ಮೊದಲೇ ಹೊಳೆಯಬೇಕಿತ್ತು, ಅಲ್ವಾ?

ಲೆಕ್ಕಕ್ಕೆ ಬರೋಣ. ಪೆಟ್ರೋಲ್ 103 ರೂಪಾಯಿ, ಡೀಸೆಲ್ 89 ಇದ್ದ ಕಾಲ. ಎಲ್ಲರೂ ನೋಡುವುದು ಆ ಹದಿನಾಲ್ಕು ರೂಪಾಯಿಯನ್ನೇ. ಡೀಸೆಲ್ ಪಿಕಪ್ ನಮ್ಮ ಲೈನಿನಲ್ಲಿ ಲೀಟರಿಗೆ 11 ಕಿಲೋಮೀಟರ್ ಕೊಡುತ್ತಿತ್ತು, ದಿನಕ್ಕೆ 40 ಕಿಲೋಮೀಟರ್ ಓಟ. ಸೂಪರ್ ಕ್ಯಾರಿ 13 ಕೊಡುತ್ತೆ. ಆದರೆ 35 ಕ್ಯಾನೇ ಹಿಡಿಯುವುದು, ಟ್ರಿಪ್ ಜಾಸ್ತಿ, ಹಾಗಾಗಿ ದಿನಕ್ಕೆ 50. ಇಂಧನದ ಖರ್ಚು ತಿಂಗಳಿಗೆ ಎರಡು ಸಾವಿರ ಹೆಚ್ಚಾಯಿತು, ಸುಳ್ಳು ಹೇಳಲ್ಲ. ಇಎಂಐ, ರಿಪೇರಿ, ಆ ಭಾನುವಾರದ ಸುತ್ತಾಟ ಸೇರಿಸಿದರೆ ಏಳೆಂಟು ಸಾವಿರ ಉಳಿಯುತ್ತಿದೆ.

ಪೆಟ್ರೋಲ್ ಗಾಡಿ ಲೋಡ್ ಎಳೆಯಲ್ಲ ಅಂದವರಿಗಾಗಿ ಒಂದು ಬೆಳಿಗ್ಗೆ 30 ಕ್ಯಾನ್ ಹೇರಿಕೊಂಡು ಚಾಮುಂಡಿ ಬೆಟ್ಟ ಹತ್ತಿಸಿದೆ. ಸೆಕೆಂಡ್ ಗೇರಲ್ಲಿ ಗೊಣಗುತ್ತಾ ಹತ್ತಿತು. ಆದರೆ ಮದುವೆ ಆರ್ಡರ್ ಆಸೆಗೆ 50 ಕ್ಯಾನ್ ತುಂಬಿ ಕ್ಲಚ್ ಪ್ಲೇಟ್ ಸುಟ್ಟುಕೊಂಡೆ, ಎಂಟು ಸಾವಿರ ಹೋಯಿತು. ತಪ್ಪು ನನ್ನದೇ.

ಸ್ನೇಹಿತನ ಸಿಎನ್‌ಜಿ ಗಾಡಿಯನ್ನೂ ಒಂದು ವಾರ ಓಡಿಸಿದೆ. ಸಿಲಿಂಡರ್ ಭಾರಕ್ಕೆ ಐದು ಕ್ಯಾನ್ ಕಮ್ಮಿ, ಬಂಕಿನ ಕ್ಯೂನಲ್ಲಿ ಮುಕ್ಕಾಲು ಗಂಟೆ. ಸುಮ್ನೆ ವಾಪಸ್ ಕೊಟ್ಟೆ.

13 ಮೈಲೇಜ್ ಹೇಗೆ ಬರುತ್ತೆ ಅಂತ ಕೇಳುತ್ತಾರೆ. ಯಾವ ಬೀದಿ ಮೊದಲು, ಕ್ಯಾನ್ ಹೇಗೆ ಜೋಡಿಸಬೇಕು ಅನ್ನುವುದರಲ್ಲಿದೆ. ಅದು ಮಾತ್ರ ಹೇಳಲ್ಲ. ನನ್ನ ಬೀದಿಯಲ್ಲೇ ಇನ್ನಿಬ್ಬರು ಕ್ಯಾನ್ ಹಾಕುತ್ತಾರೆ.

ಭಾವ ಗುಂಡ್ಲುಪೇಟೆಯಿಂದ ಕೇರಳಕ್ಕೆ ತರಕಾರಿ ಹೊಡೆಯುತ್ತಾರೆ. ಅವರಿಗೆ ಡೀಸೆಲ್ಲೇ ಸರಿ. ಬೆಳಿಗ್ಗೆ ಆರಕ್ಕೆ ಬಂಡೀಪುರದ ಗೇಟ್ ತೆಗೆದರೆ ಗಂಟೆಗಟ್ಟಲೆ ಒಂದೇ ಓಟ. ಅವರಿಗೆ ಡಿಪಿಎಫ್ ಲೈಟ್ ಯಾವ ಬಣ್ಣದ್ದು ಅಂತಾನೂ ಗೊತ್ತಿಲ್ಲ.