ಡಿಸ್ಕ್‌ನಲ್ಲಿ ಜಾಗ ಇದ್ದರೂ ಡೌನ್‌ಲೋಡ್ ನಿಂತಿತ್ತು
ತುಮಕೂರಿನ ಮನೆಯಿಂದಲೇ ನಾನು ಮೇನ್‌ಫ್ರೇಮ್ (ದೊಡ್ಡ ಸಂಸ್ಥೆಗಳ ಭಾರೀ ಕಂಪ್ಯೂಟರ್) ನೋಡಿಕೊಳ್ಳುವುದು. ಅದರ ಆಪರೇಟಿಂಗ್ ಸಿಸ್ಟಮ್ ಜೆಡ್/ಓಎಸ್‌ಗೆ ಹೊಸ ಸಾಫ್ಟ್‌ವೇರ್ ಇಳಿಸುವಾಗ, ಅದನ್ನು ತಂದುಕೊಳ್ಳುವ ರಿಸೀವ್ ಜಾಬ್ ಜಾಗವಿಲ್ಲ ಎಂದು ಅರ್ಧಕ್ಕೇ ನಿಂತಿತು. ಡಿಸ್ಕ್‌ನಲ್ಲಿ ಬೇಕಾದಷ್ಟು ಜಾಗವಿತ್ತು! ಎಷ್ಟು ಜಾಗ ಉಳಿದಿದೆ ಎಂದು ತೋರಿಸುವ ಡಿಎಫ್ ಕಮಾಂಡ್ ಹಾಕಿದರೆ, ಡೌನ್‌ಲೋಡ್ ಬಂದು ಸೇರುವ ಎಸ್‌ಎಂಪಿಎನ್‌ಟಿಎಸ್ ಡೈರೆಕ್ಟರಿ ಇದ್ದ ಫೈಲ್ ಸಿಸ್ಟಮ್ 4 ಜಿಬಿ ಹತ್ತಿರ ತುಂಬಿ ನಿಂತಿತ್ತು. ಅದು ಜೆಡ್‌ಎಫ್‌ಎಸ್ ಬಗೆಯ ಫೈಲ್ ಸಿಸ್ಟಮ್. ಜೆಡ್‌ಎಫ್‌ಎಸ್ ಅಂದರೆ ಒಳಗೆ ವಿಸ್ಯಾಮ್ ಲೀನಿಯರ್ ಡೇಟಾಸೆಟ್ (ಡಿಸ್ಕ್ ಮೇಲಿನ ಒಂದು ಬಗೆಯ ಕಡತ) ಅಲ್ವಾ? ಎಕ್ಸ್‌ಟೆಂಡೆಡ್ ಅಡ್ರೆಸೆಬಿಲಿಟಿ ಎಂಬ ಸೌಲಭ್ಯ ಇಲ್ಲದಿದ್ದರೆ ಅದು 4 ಜಿಬಿ ದಾಟುವುದಿಲ್ಲ.

ಸ್ಟೋರೇಜ್ ತಂಡದವರಿಂದ ಆ ಸೌಲಭ್ಯವಿರುವ ಡೇಟಾ ಕ್ಲಾಸ್ (ಡೇಟಾಸೆಟ್ ಗುಣಗಳ ಸಿದ್ಧ ಪಟ್ಟಿ) ಕೇಳಿಕೊಂಡೆ. ಅದನ್ನು ಕೊಟ್ಟು ಐಡಿಕ್ಯಾಮ್ಸ್ ಎಂಬ ಪ್ರೋಗ್ರಾಮ್‌ನಲ್ಲಿ ಹೊಸ ಡೇಟಾಸೆಟ್ ಮಾಡಿದೆ. ತಾನಾಗಿ ಬೆಳೆಯಲಿ ಎಂದು ಸೆಕೆಂಡರಿ ಅಲೊಕೇಷನ್ (ತುಂಬಿದಾಗ ಸಿಗುವ ಹೆಚ್ಚುವರಿ ಜಾಗ) ಇಟ್ಟೆ. ಫಾರ್ಮ್ಯಾಟ್ ಮಾಡಿ, ಹಾಗೆ ಬೆಳೆಯಲು ಬಿಡುವ ಅಗ್ರ್‌ಗ್ರೋ ಆಯ್ಕೆ ಹಾಕಿ ಮೌಂಟ್ ಮಾಡಿದೆ (ಸಿಸ್ಟಮ್‌ಗೆ ಜೋಡಿಸಿದೆ). ಸಿಸ್ಟಮ್ ಶುರುವಾಗುವಾಗ ಓದುವ ಬಿಪಿಎಕ್ಸ್‌ಪಿಆರ್‌ಎಂ ಮೆಂಬರ್‌ಗೂ ಸೇರಿಸಿದೆ, ಇಲ್ಲದಿದ್ದರೆ ಮುಂದಿನ ಐಪಿಎಲ್‌ಗೆ (ಸಿಸ್ಟಮ್ ರೀಸ್ಟಾರ್ಟ್‌ಗೆ) ಮೌಂಟ್ ಮಾಯ. ಡೌನ್‌ಲೋಡ್‌ಗೆ ಬೇರೆ ಫೈಲ್ ಸಿಸ್ಟಮ್ ಇಡುವುದೇ ವಾಸಿ. ಸುಮ್ನೆ ಎಲ್ಲವನ್ನೂ ಮುಖ್ಯ ಫೈಲ್ ಸಿಸ್ಟಮ್ ಆದ ರೂಟ್ ಕೆಳಗೆ ತುಂಬಿದರೆ ಉಳಿದವರ ಕೆಲಸವೂ ನಿಲ್ಲುತ್ತದೆ.