ಪದ್ಮಿನಿಗೆ ನಿಸಾನ್ ಎ12 ಕೂರಿಸಿದ ನನ್ನ ಅನುಭವ

ನನ್ನ ಪ್ರೀಮಿಯರ್ ಪದ್ಮಿನಿ ಕಾರಿಗೆ ಬೇರೆ ಎಂಜಿನ್ ಹಾಕಬೇಕಿತ್ತು. ಮಾರುತಿ ಜಿಪ್ಸಿಯ ಜಿ13 ಎಂಜಿನ್ ಹಾಕು, ಪಾರ್ಟ್ಸ್ ಎಲ್ಲೆಂದರಲ್ಲಿ ಸಿಗುತ್ತೆ ಅಂತಲೇ ಪುಣೆಯ ಗ್ಯಾರೇಜಿನವರೆಲ್ಲ ಹೇಳಿದ್ದು. ಪ್ರೀಮಿಯರ್ 118ಎನ್‌ಇ ಕಾರಿನಲ್ಲಿದ್ದ ನಿಸಾನ್ ಎ12 ಎಂಜಿನ್ ಅಂದಾಗ ಮೂಗು ಮುರಿದರು. ಮಾಡಿದ ತಪ್ಪುಗಳನ್ನೆಲ್ಲ ಸರಿಪಡಿಸಿದ ಮೇಲೆ ಈಗ ಹತ್ತಿರಹತ್ತಿರ 16,000 ಕಿಮೀ ಓಡಿದೆ, ಹೆಡ್ ಕೂಡ ಮತ್ತೆ ಬಿಚ್ಚಿಲ್ಲ.

ಜಿ13 ಕೆಟ್ಟ ಎಂಜಿನ್ ಅಲ್ಲ. ಜಿಪ್ಸಿಯಲ್ಲಿ ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಗಿಯರ್‌ಬಾಕ್ಸಿನಿಂದ ಬೇರೆಯೇ ಇರೋದರಿಂದ ಅದರ ಗಿಯರ್‌ಬಾಕ್ಸೂ ಹೊಂದುತ್ತೆ. ಆದರೆ ಅದರ ಎಂಪಿಎಫ್‌ಐ (ಕಂಪ್ಯೂಟರ್ ನಿಯಂತ್ರಣದಲ್ಲಿ ಪೆಟ್ರೋಲ್ ಸಿಂಪಡಿಸುವ ವ್ಯವಸ್ಥೆ) ತಂದರೆ ಇಸಿಯು (ಆ ಕಂಪ್ಯೂಟರ್), ಹೈ ಪ್ರೆಶರ್ ಪಂಪ್, ರಿಟರ್ನ್ ಲೈನ್, ಪೂರ್ತಿ ವೈರಿಂಗ್ ಹಾರ್ನೆಸ್ ಎಲ್ಲ ಬೆನ್ನಿಗೆ ಬೀಳುತ್ತೆ. ವೈರಿಂಗ್ ಒಂದಕ್ಕೇ 35,000 ಕೇಳಿದರು. 118ಎನ್‌ಇಯ ಎ12 ಅಂದರೆ 1171 ಸಿಸಿ, ಪುಷ್‌ರಾಡ್, ಟೈಮಿಂಗ್ ಚೈನ್, ಕಾರ್ಬ್ಯುರೇಟರ್, ಅಷ್ಟೇ. ಪದ್ಮಿನಿಯ ಮೂಲ 1089 ಸಿಸಿ ಎಂಜಿನ್ನಿಗೆ ಕ್ರ್ಯಾಂಕ್ ಹಿಡಿಯುವ ಮೇನ್ ಬೇರಿಂಗ್ ಮೂರೇ, ಎ12ಕ್ಕೆ ಐದು. ಹೈವೇಯಲ್ಲಿ ಆ ವ್ಯತ್ಯಾಸ ಕೈಗೇ ತಿಳಿಯುತ್ತೆ.

ಕೆಲಸಕ್ಕೆ ಮುಂಚೆ ಆರ್‌ಟಿಒ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಅನುಮತಿ ಪಡೆದು, ಆರ್‌ಸಿಯಲ್ಲಿ ಎಂಜಿನ್ ನಂಬರ್ ಏರಿಸಿಕೊಳ್ಳಲೇಬೇಕು. ಹಳೇ ಎಂಜಿನ್ನಿನ ಕಾಗದ ಇಲ್ಲದಿದ್ದರೆ ಕೊಳ್ಳಲೇಬೇಡಿ.

ಎಂಜಿನ್, ಗಿಯರ್‌ಬಾಕ್ಸ್ ಎರಡೂ ಮುಂಬೈ ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ 26,000ಕ್ಕೆ ಸಿಕ್ಕವು. ಬೋರ್ (ಸಿಲಿಂಡರಿನ ಒಳವ್ಯಾಸ) 73 ಮಿಮೀ, ಅದಕ್ಕಿಂತ 0.50 ಮಿಮೀ ದೊಡ್ಡದಾದ ಓವರ್‌ಸೈಜ್ ಪಿಸ್ಟನ್ ತಂದೆ. ಕೈ ಸುಟ್ಟದ್ದು ಇಲ್ಲೇ. ಮಷಿನ್ ಶಾಪಿನವರು ಪಿಸ್ಟನ್ ಅಳೆಯದೆ ಡಬ್ಬದ ಮೇಲಿನ ಸೈಜ್ ನೋಡಿ ಬೋರ್ ಹೊಡೆದುಬಿಟ್ಟಿದ್ದರು. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಿನ ಕ್ಲಿಯರೆನ್ಸ್ 0.03-0.04 ಮಿಮೀ ಇರಬೇಕಾದಲ್ಲಿ 0.08 ಬಂತು. ತಣ್ಣಗಿದ್ದಾಗ ಟಕಟಕ ಸದ್ದು, 600 ಕಿಮೀಗೆ ಒಂದು ಲೀಟರ್ ಆಯಿಲ್ ಖಾಲಿ. ಮತ್ತೆ 1.00 ಓವರ್‌ಸೈಜ್‌ಗೆ ಹೋಗಬೇಕಾಯಿತು, 14,000 ನೀರಿಗೆ ಹೋಯಿತು. ಪಿಸ್ಟನ್ ನಾಲ್ಕನ್ನೂ ಸ್ಕರ್ಟ್‌ನಲ್ಲಿ (ಕೆಳಭಾಗದಲ್ಲಿ) ಮೈಕ್ರೋಮೀಟರಿನಿಂದ ಅಳೆದು, ಯಾವುದು ಯಾವ ಸಿಲಿಂಡರಿಗೆ ಅಂತ ನಂಬರ್ ಬರೆದು, ಪಿಸ್ಟನ್ ಜೊತೆಯಲ್ಲೇ ಬ್ಲಾಕ್ ಕೊಡಿ. ವಾಪಸ್ ಬಂದಾಗ ಪ್ರತಿ ಸಿಲಿಂಡರಿನ ಮೇಲೆ, ನಡುವೆ, ಕೆಳಗೆ ಬೋರ್ ಗೇಜ್ ಇಟ್ಟು ನೋಡಿ.

ಮೊದಲ ಕ್ಯಾಮ್ (ವಾಲ್ವ್ ತೆರೆಸುವ ಶಾಫ್ಟ್) ಕೂಡ ಹಾಳಾಯಿತು. ಸ್ಟಾರ್ಟ್ ಆದ ಖುಷಿಗೆ ಐಡಲ್‌ನಲ್ಲಿ ಬಿಟ್ಟರೆ ಕ್ಯಾಮಿಗೆ ಉಜ್ಜುವ ಫ್ಲಾಟ್ ಟ್ಯಾಪೆಟ್‌ಗೆ ಆಯಿಲ್ ಸಾಲದೆ ಲೋಬ್ (ಕ್ಯಾಮಿನ ಉಬ್ಬು) ಸವೆಯುತ್ತೆ. ಎರಡನೇ ಸಲ ಲೋಬ್‌ಗಳಿಗೆ ಅಸೆಂಬ್ಲಿ ಪೇಸ್ಟ್ ಬಳಿದು, ಸ್ಟಾರ್ಟ್ ಆದ ತಕ್ಷಣ 2,000 ಆರ್‌ಪಿಎಂನಲ್ಲಿ 20 ನಿಮಿಷ ಇಟ್ಟೆ. ಆಯಿಲ್ 20ಡಬ್ಲ್ಯು-50 ಮಿನರಲ್.

ಕೂರಿಸುವಾಗಿನ ನಿಜವಾದ ತಕರಾರು ಬಲಗಡೆ. ಎ12ರ ಆಯಿಲ್ ಪಂಪು, ಫಿಲ್ಟರು ಬಲಕ್ಕೇ ಇವೆ, ಸ್ಟೀರಿಂಗ್ ಬಾಕ್ಸೂ ಅಲ್ಲೇ. ಎಂಜಿನ್ ಕೂತರೆ ಸಾಲದು, ಫಿಲ್ಟರ್ ತಿರುಗಿಸಿ ಹೊರಗೆ ತೆಗೆಯಲೂ ಬರಬೇಕು. ನಾನು ಎಡಕ್ಕೆ ಸ್ವಲ್ಪ ಸರಿಸಿದೆ. ಎಷ್ಟು ಅನ್ನೋದೂ ಮೌಂಟ್ ಬ್ರಾಕೆಟ್ಟಿನ ಅಳತೆಯೂ ನನ್ನ ಬಳಿಯೇ ಇರಲಿ, ಮೂರು ಸಲ ವೆಲ್ಡ್ ಕಿತ್ತು ಗಳಿಸಿದ್ದು. ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಮತ್ತು ಕ್ರಾಸ್ ಮೆಂಬರ್ (ಕೆಳಗಿನ ಅಡ್ಡ ತೊಲೆ) ನಡುವೆ 15 ಮಿಮೀ ಬಿಡಿ, ಮೌಂಟಿನ ರಬ್ಬರ್ ಕೂತ ಮೇಲೆ ಎಂಜಿನ್ ಕೆಳಗಿಳಿಯುತ್ತೆ.

ಗಿಯರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಹೋಗುವ ಪ್ರೊಪೆಲರ್ ಶಾಫ್ಟನ್ನು ಪುಣೆ ಹತ್ತಿರದ ಭೋಸರಿಯಲ್ಲಿ ಅಳತೆಗೆ ಮಾಡಿಸಿ ಬ್ಯಾಲೆನ್ಸ್ ಮಾಡಿಸಿದೆ, 4,500. ಆದರೂ 70 ಕಿಮೀ ವೇಗದಲ್ಲಿ ನಡುಕ. ತಪ್ಪು ಶಾಫ್ಟಿನದಲ್ಲ: ಗಿಯರ್‌ಬಾಕ್ಸ್ ಬಾಲ ತಗ್ಗಿತ್ತು. ಅದರ ಕೋನವೂ ಡಿಫರೆನ್ಷಿಯಲ್ ಪಿನಿಯನ್ ಕೋನವೂ ಸಮಾನಾಂತರಕ್ಕೆ ಬರುವ ತನಕ ಶಿಮ್ (ತೆಳು ತಗಡು) ಹಾಕಿದ ಮೇಲೆ ನಿಂತಿತು.

ನಡುವೆ ಮಾರುತಿ 800ರ ಕಾರ್ಬ್ಯುರೇಟರನ್ನೂ ಪ್ಲೇಟ್ ಮಾಡಿ ಕೂರಿಸಿ ನೋಡಿದೆ. ಊರೊಳಗೆ ಚಂದ ಓಡಿತು, 3,500 ಆರ್‌ಪಿಎಂ ದಾಟಿದರೆ ಉಸಿರು ಕಟ್ಟಿತು, ವೆಂಚುರಿ (ಗಾಳಿ ಹೋಗುವ ಕಿರಿದಾರಿ) ಚಿಕ್ಕದು. ತೆಗೆದೆ. ಎ12ರದ್ದನ್ನೇ ಇಟ್ಟುಕೊಂಡು ಇ20 (ನೂರಕ್ಕೆ ಇಪ್ಪತ್ತು ಎಥನಾಲ್ ಬೆರೆತ) ಪೆಟ್ರೋಲಿಗೆ ಮೇನ್ ಜೆಟ್ (ಪೆಟ್ರೋಲ್ ಹೊರಬರುವ ರಂಧ್ರ) ವ್ಯಾಸ ಸುಮಾರು ನೂರಕ್ಕೆ ಮೂರು ಹೆಚ್ಚಿಸಿದೆ, ಪೈಪು, ಡಯಾಫ್ರಮ್ ಎಲ್ಲ ಎಥನಾಲ್ ತಡೆಯುವವೇ ಹಾಕಿದೆ. ಹಳೇ ರಬ್ಬರ್ ಎರಡು ತಿಂಗಳಲ್ಲಿ ಉಬ್ಬಿ ಹಿಟ್ಟಿನಂತಾಗಿತ್ತು.

ಒಟ್ಟು 1,15,000 ಆಸುಪಾಸು, ಅದರಲ್ಲಿ ಕಾಲು ಭಾಗ ತಪ್ಪುಗಳಿಗೇ. ಮೂರು ಸಾಲಿನ ರೇಡಿಯೇಟರ್, 82 ಡಿಗ್ರಿ ಥರ್ಮೋಸ್ಟಾಟ್ ಇದೆ, ಅದನ್ನು ಕಿತ್ತೆಸೆಯಬೇಡಿ. ಮೇ ತಿಂಗಳ ಮಧ್ಯಾಹ್ನ ನಾಲ್ಕು ಜನ ಕೂತು ಬೆಳಗಾವಿ ಕಡೆಗೆ ಖಂಬಾಟ್ಕಿ ಘಾಟ್ ಏರಿದಾಗಲೂ 94 ಡಿಗ್ರಿ ದಾಟಲಿಲ್ಲ. ಟ್ಯಾಪೆಟ್ ಸಂದು ಎಂಜಿನ್ ಬಿಸಿಯಿದ್ದಾಗ 0.35 ಮಿಮೀ, ಪ್ರತಿ 5,000 ಕಿಮೀಗೆ ನೋಡುತ್ತೇನೆ.