ಬಾಗಿಲಿಗೆ ಸಾಗುವಾನಿ ಕೊಳ್ಳುವ ಮುನ್ನ: ನಮ್ಮ ಕಟ್ಟಿಗೆ ಅಡ್ಡೆಯಲ್ಲಿ ಕಲಿತದ್ದು

ಧಾರವಾಡದಲ್ಲಿ ನಮ್ಮದೊಂದು ಕಟ್ಟಿಗೆ ಅಡ್ಡೆ ಇದೆ. ಅಜ್ಜ ಶುರು ಮಾಡಿದರು, ಅಪ್ಪ ನಡೆಸಿದರು, ಈಗ ಹದಿನಾಲ್ಕು ವರ್ಷದಿಂದ ನಾನು ನೋಡಿಕೊಳ್ಳುತ್ತಿದ್ದೇನೆ. ಮನೆ ಕಟ್ಟಿಸುವವರು ಬಂದವರೇ ಕೇಳುವುದು ಒಂದೇ ಮಾತು: "ದಾಂಡೇಲಿ ಸಾಗುವಾನಿ ಐತೇನ್ರೀ?" ಹೆಸರು ಕೇಳುತ್ತಾರೆ, ರೇಟು ಕೇಳುತ್ತಾರೆ. ಮರವನ್ನು ಮಾತ್ರ ನೋಡುವುದಿಲ್ಲ. ಹೇಗೆ ನೋಡಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ, ಅಲ್ವಾ? ನನಗೆ ಹೇಳಿಕೊಡುವವರಿದ್ದರು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಷಯ. ಅಜ್ಜನ ಕಾಲದಲ್ಲಿ ನಮ್ಮ ಅಡ್ಡೆಗೆ ಬರುತ್ತಿದ್ದ ಸಾಗುವಾನಿಯೆಲ್ಲ ದಾಂಡೇಲಿ, ಹಳಿಯಾಳ, ಯಲ್ಲಾಪುರದ ಕಡೆಯದು. ಹರಾಜಿಗೆ ಒಂದು ದಿನ ಮುಂಚೆಯೇ ಅಜ್ಜ ದಾಂಡೇಲಿಯ ಸರ್ಕಾರಿ ನಾಟಾ ಡಿಪೋಗೆ ಹೋಗಿ ಉಳಿಯುತ್ತಿದ್ದರು. ಒಂದೊಂದು ಲಾಟಿನ ಸುತ್ತ ನಡೆದು, ದಿಮ್ಮಿಗಳ ಎರಡೂ ತುದಿ ನೋಡಿ, ಸಣ್ಣ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದರು. ಆ ಡೈರಿಗಳು ಇನ್ನೂ ನನ್ನ ಹತ್ತಿರ ಇವೆ. ಲಾಟು ನಂಬರಿನ ಮುಂದೆ "ಒಳಗೆ ಪೊಳ್ಳು", "ಸುಳಿ ಐತಿ", "ಬಿಡಬಾರದು" ಅಂತ ಪೆನ್ಸಿಲ್ಲಿನ ಬರಹ.

ಅಪ್ಪನ ಕಾಲಕ್ಕೆ ಎಲ್ಲ ಬದಲಾಯಿತು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿತು. ಕೇಂದ್ರ ಸರ್ಕಾರ ಒಪ್ಪಿದ ಕಾರ್ಯಯೋಜನೆ ಇಲ್ಲದೆ ಕಾಡಿನ ಮರ ಕಡಿಯುವಂತಿಲ್ಲ ಅಂತ. ಕಾಡು ಉಳಿಯಬೇಕಿತ್ತು, ಆದೇಶ ಸರಿಯಾಗಿಯೇ ಇತ್ತು. ಆದರೆ ನಮ್ಮ ಅಡ್ಡೆಗೆ ಊರಿನ ಸುತ್ತಲ ಮರ ಬರುವುದು ಕಮ್ಮಿಯಾಯಿತು. ಅಪ್ಪ ಮಂಗಳೂರು ಬಂದರಿಗೆ ಬರುವ ಹೊರದೇಶದ ದಿಮ್ಮಿ ತರಿಸಲು ಶುರು ಮಾಡಿದರು. ಬರ್ಮಾ ಸಾಗುವಾನಿಗೆ ಒಳ್ಳೇ ಗಿರಾಕಿ ಇತ್ತು. 2014ರ ಏಪ್ರಿಲ್ 1ರಿಂದ ಅವರೂ ದಿಮ್ಮಿ ಕಳಿಸುವುದನ್ನು ನಿಲ್ಲಿಸಿದರು. ಈಗ ಘಾನಾ, ಈಕ್ವೆಡಾರ್, ಕೋಸ್ಟರಿಕಾದ ತೋಪಿನ ಮರವೂ ಸಾಗುವಾನಿ ಅಂತಲೇ ಮಾರಾಟವಾಗುತ್ತದೆ. ಸುಳ್ಳಲ್ಲ, ಜಾತಿ ಒಂದೇ. ಆದರೆ "ಆಫ್ರಿಕನ್ ಟೀಕ್" ಅಂತ ಕೊಡುವುದು ಎಷ್ಟೋ ಸಲ ಇರೋಕೊ ಅನ್ನುವ ಬೇರೆಯೇ ಮರ. ಅದೂ ಗಟ್ಟಿ ಮರವೇ. ಅದನ್ನು ಅದರ ಹೆಸರಲ್ಲಿ, ಅದರ ಬೆಲೆಗೆ ಕೊಳ್ಳಿ.

ಹಾಗಾದರೆ ಗುರುತಿಸುವುದು ಹೇಗೆ? ಅಜ್ಜ ನನಗೆ ಹೇಳುತ್ತಿದ್ದರು: "ಮರದ ಮಾರಿ ನೋಡಿ ರೊಕ್ಕ ಕೊಡಬ್ಯಾಡ ಯವ್ವಾ, ತುದಿ ನೋಡು."

ಅಂಗಡಿಗೆ ಹೋಗುವಾಗ ಒಂದು ಒದ್ದೆ ಬಟ್ಟೆ ಒಯ್ಯಿರಿ. ಕೊಯ್ದ ತುಂಡಿನ ತುದಿಯನ್ನು ಅದರಿಂದ ಒರೆಸಿ. ಧೂಳು ಹೋದ ಕೂಡಲೇ ವರ್ಷದ ಬಳೆಗಳು ಎದ್ದು ಕಾಣುತ್ತವೆ. ಇನ್ನೂ ಹತ್ತಿರದಿಂದ ನೋಡಿ. ಸಾಗುವಾನಿಯಾದರೆ ಒಂದೊಂದು ಬಳೆಯ ಗುಂಟ ಸೂಜಿಯಿಂದ ಚುಚ್ಚಿದಂಥ ತೂತುಗಳ ಸಾಲು ಇರುತ್ತದೆ. ಇರೋಕೊದಲ್ಲಿ ಈ ಸಾಲು ಇರುವುದಿಲ್ಲ, ತೂತುಗಳು ಎಲ್ಲ ಕಡೆ ಚೆಲ್ಲಿದ ಹಾಗೆ ಇರುತ್ತವೆ. ಆಮೇಲೆ ಒಂದು ಕಡೆ ಸ್ವಲ್ಪ ಹತ್ತರಿ ಹೊಡೆಯಲು ಹೇಳಿ. ಸಾಗುವಾನಿಯ ಹೊಸ ಹೆರಕಲಿಗೆ ಹಳೇ ಚರ್ಮದ ಚೀಲದಂಥ ವಾಸನೆ. ಬೆರಳಿಗೆ ಕೊಂಚ ಜಿಡ್ಡು ಹತ್ತಿದ ಹಾಗಿರುತ್ತದೆ. ಒಮ್ಮೆ ಮೂಸಿದರೆ ಮರೆಯುವುದಿಲ್ಲ.

ತುದಿಯಲ್ಲೇ ಇನ್ನೊಂದು ಸಂಗತಿ ಗೊತ್ತಾಗುತ್ತದೆ. ಒಳಗಿನ ಕಂದು ಭಾಗ ಕೆಚ್ಚು. ಹೊರಗಿನದು ಬಿಳಿ. ಗೆದ್ದಲಿಗೆ ಜಗ್ಗದಿರುವುದು ಕೆಚ್ಚು ಮಾತ್ರ. ಬಿಳಿ ಭಾಗಕ್ಕೆ ಹುಳು ಬೀಳುತ್ತದೆ, ಅದು ಸಾಗುವಾನಿಯದೇ ಆದರೂ. ಬಿಳಿಯ ಮೇಲೆ ಬಣ್ಣ ಹಚ್ಚಿ ಕೆಚ್ಚಿನ ಹಾಗೆ ತೋರಿಸುವವರಿದ್ದಾರೆ, ಅದಕ್ಕೂ ತುದಿಯನ್ನೇ ನೋಡಬೇಕು. ಬಳೆ ಅಗಲ ಇದೆ, ಎಳೇ ಮರ, ಬೇಡ ಅಂತ ಕೆಲವರು ತಳ್ಳಿಬಿಡುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಕೆಚ್ಚು ಪೂರ್ತಿ ಇದ್ದರೆ ಅಗಲ ಬಳೆಯ ಮರವೂ ನಡೆಯುತ್ತದೆ. ಆದರೆ ದಿಮ್ಮಿಯ ನಟ್ಟನಡುವಿನ ತಿರುಳು ಬಂದ ತುಂಡು ಚೌಕಟ್ಟಿಗೆ ಬೇಡವೇ ಬೇಡ. ಸೀಳು ಅಲ್ಲಿಂದಲೇ ಶುರುವಾಗುತ್ತದೆ.

ಲೆಕ್ಕವನ್ನು ನೀವೇ ಹಾಕಿ, ಕಷ್ಟವೇನಿಲ್ಲ. ಅಗಲ ಇಂಚಿನಲ್ಲಿ, ದಪ್ಪ ಇಂಚಿನಲ್ಲಿ, ಉದ್ದ ಅಡಿಯಲ್ಲಿ. ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ. ಮೂರೂವರೆ ಅಡಿ ಅಗಲ, ಏಳು ಅಡಿ ಎತ್ತರದ ತಲೆಬಾಗಿಲಿಗೆ ಹೊಸ್ತಿಲೂ ಸೇರಿ 21 ಅಡಿ ಉದ್ದದ ಮರ ಬೇಕು. 5 ಇಂಚು, 3 ಇಂಚಿನ ತುಂಡಾದರೆ 2.19 ಘನ ಅಡಿ ಆಯಿತು. ಬಿಲ್ಲಿನಲ್ಲಿ ಮೂರು ಅಂತ ಇದ್ದರೆ ಯಾಕೆ ಅಂತ ಕೇಳಿ. ಅಳತೆ ಹತ್ತರಿ ಹೊಡೆಯುವ ಮೊದಲಿನದೋ ಆಮೇಲಿನದೋ, ಅದನ್ನೂ ಕೇಳಿ.

ದುಂಡು ದಿಮ್ಮಿಯ ಲೆಕ್ಕ ಬೇರೆ. ಸುತ್ತಳತೆಯ ನಾಲ್ಕನೇ ಒಂದು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 144ರಿಂದ ಭಾಗಿಸುವುದು. 48 ಇಂಚು ಸುತ್ತಳತೆಯ, 10 ಅಡಿ ಉದ್ದದ ದಿಮ್ಮಿ ಈ ಲೆಕ್ಕದಲ್ಲಿ 10 ಘನ ಅಡಿ. ನಿಜವಾಗಿ ಅದರಲ್ಲಿ ಇರುವುದು ಪೌಣೆ ಹದಿಮೂರರ ಹತ್ತಿರ. ಕೊಯ್ಯುವಾಗ ತೊಗಟೆ, ಬಿಳಿ, ಹೊಟ್ಟು ಅಂತ ಹೋಗುವುದಿದೆ, ಅದಕ್ಕೇ ವ್ಯಾಪಾರದಲ್ಲಿ ಈ ಲೆಕ್ಕ ನಿಂತುಬಿಟ್ಟಿದೆ.

ಇನ್ನು ಒಣಗುವ ವಿಷಯ. ಇದರಲ್ಲಿ ನಮ್ಮ ಮನೆಯೇ ಪೆಟ್ಟು ತಿಂದಿದೆ. ಒಬ್ಬ ಮೇಷ್ಟ್ರು ಗೃಹಪ್ರವೇಶದ ಮುಹೂರ್ತ ಹತ್ತಿರ ಬಂತು ಅಂತ ಅವಸರ ಮಾಡಿದರು. ಅಪ್ಪ ಕೊಯ್ದು ತಿಂಗಳೂ ಆಗದ ಮರ ಕೊಟ್ಟುಬಿಟ್ಟರು. ಬೇಸಿಗೆ ಬರುವಷ್ಟರಲ್ಲಿ ಮೂಲೆಗಳಲ್ಲಿ ಕೂಡಿಕೆ ಬಿಟ್ಟು, ಬೆರಳು ಹೋಗುವಷ್ಟು ಸಂದು ಬಿತ್ತು. ಅಪ್ಪ ತಾವೇ ಹೋಗಿ ಚೌಕಟ್ಟು ಬಿಚ್ಚಿಸಿ, ಬೇರೆ ಮರ ಕೊಟ್ಟು, ಬಡಗಿಯ ಕೂಲಿಯನ್ನೂ ಕೊಟ್ಟು ಬಂದರು. ಆ ರಾತ್ರಿ ಊಟ ಮಾಡಲಿಲ್ಲ. ಅವತ್ತಿನಿಂದ ನಮ್ಮಲ್ಲಿ ಕೊಯ್ದ ತಾರೀಕನ್ನು ಒಂದೊಂದು ತುಂಡಿನ ಮೇಲೂ ಬರೆಯುತ್ತೇವೆ.

ಅದಕ್ಕೇ ಹೇಳುವುದು, ಪಾಯ ತೋಡುವಾಗಲೇ ಮರ ಕೊಂಡುಬಿಡಿ. ನೆರಳಿನಲ್ಲಿ, ನೆಲದಿಂದ ಗೇಣು ಮೇಲೆ ಜೋಡಿಸಿ. ತುಂಡು ತುಂಡಿನ ನಡುವೆ ಒಂದೇ ದಪ್ಪದ ಪಟ್ಟಿ ಇಟ್ಟು ಗಾಳಿಯಾಡಲು ಬಿಡಿ. ತುದಿಗಳಿಗೆ ಬಣ್ಣ ಬಳಿಯಿರಿ. ಅಜ್ಜ ಸಗಣಿ, ಮಣ್ಣು ಕಲಸಿ ಮೆತ್ತುತ್ತಿದ್ದರು. ತುದಿ ಬೇಗ ಒಣಗಿದರೆ ಸೀಳುತ್ತದೆ. ತೇವ ನೋಡುವ ಮೀಟರ್ ಈಗ ಸುಮಾರು ಅಂಗಡಿಗಳಲ್ಲಿ ಇದೆ, ಎದುರಿಗೇ ಹಿಡಿಸಿ ನೋಡಿ. ತೇವ ನೂರಕ್ಕೆ 12ರ ಆಸುಪಾಸು ಇದ್ದರೆ ನಿಶ್ಚಿಂತೆಯಿಂದ ಒಯ್ಯಿರಿ. 20 ದಾಟಿದ್ದರೆ ಕಾಯಿರಿ.

ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ ಸಾಗುವಾನಿಯೇ ಆಗಬೇಕು ಅಂತ ಸಾಲ ಮಾಡಬೇಡಿ. ಚೌಕಟ್ಟಿಗೆ ಮತ್ತಿ, ಹೊನ್ನೆ, ಹಲಸು ಎಲ್ಲ ಆಗುತ್ತವೆ. ಹೊನ್ನೆಯನ್ನು ಗುರುತಿಸುವುದಂತೂ ಚಂದ. ಒಂದು ಚಕ್ಕೆಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಬಿಸಿಲಿಗೆ ಹಿಡಿಯಿರಿ, ಹಳದಿ ನೀರಿನಲ್ಲಿ ನೀಲಿ ಹೊಳಪು ಕಾಣುತ್ತದೆ. ಅಂಗಡಿಗೆ ಬಂದ ಮಕ್ಕಳಿಗೆ ನಾನು ಇದನ್ನು ತೋರಿಸುತ್ತಲೇ ಇರುತ್ತೇನೆ.

ಬಿಲ್ಲು ತೆಗೆದುಕೊಳ್ಳಿ, ಮರದ ಜಾತಿ ಮತ್ತು ಅಳತೆಯನ್ನು ಅದರಲ್ಲಿ ಬರೆಸಿ. ಚೌಕಟ್ಟು ಆದ ಮೇಲೆ ಬಡಗಿಯ ಹತ್ತಿರ ಉಳಿದ ತುಂಡುಗಳನ್ನು ಕೇಳಿ ಇಸಿದುಕೊಳ್ಳಿ, ಒಲೆಗೆ ಹೋಗಲು ಬಿಡಬೇಡಿ. ಹತ್ತು ವರ್ಷ ಬಿಟ್ಟು ಚಿಲಕ ಕಿತ್ತ ಜಾಗಕ್ಕೆ ತೇಪೆ ಹಾಕುವಾಗ ಅದೇ ಬಣ್ಣದ, ಅದೇ ಮರದ ಚೂರು ಯಾವ ಅಡ್ಡೆಯಲ್ಲೂ ಸಿಗುವುದಿಲ್ಲ.